ಬಯಲಿನ ಪರಂಪರೆ: ಚಳ್ಳಕೆರೆ, ಮೊಳಕಾಲ್ಮೂರಿನಲ್ಲಿ ನೋಡಬೇಕಾದದ್ದು ಏನು?

(ಉಪನ್ಯಾಸದ ಬರಹರೂಪ)



ಕೆಲವು ದಶಕಗಳ ಹಿಂದಿನವರೆಗೆ ಆಷಾಢದ ನಾಟಿಯ ಗದ್ದೆಯಲ್ಲಿ ಎಲ್ಲೆಲ್ಲೂ ಕಾಣುತ್ತಿದ್ದ ಕಂಬಳಿ ಕೊಪ್ಪೆ ಈಗ ಅಪರೂಪವಾಗಿದೆ. ಅದರ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂದಿದೆ. ಆ ಕಂಬಳಿಯ ಉಣ್ಣೆ ಮಲೆನಾಡಿನದಾಗಿರಲಿಲ್ಲ. ಎಡೆಬಿಡದ ಮಳೆಯಲ್ಲಿ, ಕೆಸರಿನಲ್ಲಿ ಕುರಿ ಬಾಳದು. ಕುರಿ ಬಾಳುವುದು ಒಣ ಬಯಲಿನಲ್ಲಿ. ಚಿತ್ರದುರ್ಗದ ಸೀಮೆಯ ಬಯಲಿನಲ್ಲಿ ಮೇದ ಕರಿಕುರಿಯ ಉಣ್ಣೆಯನ್ನು ಕತ್ತರಿಸಿ, ನೂತು, ಹುಣಸೆ ಬೀಜದ ಸರಿ ಹಚ್ಚಿ ನೇಯ್ದ ಕಂಬಳಿಗಳು ಘಟ್ಟದ ಊರುಗಳಿಗೆ ಬರುತ್ತಿದ್ದವು. ಮಳೆಯೇ ಇಲ್ಲದ ನಾಡು ಮಳೆನಾಡಿನ ಬೆನ್ನನ್ನು ಬೆಚ್ಚಗಿಟ್ಟಿತ್ತು.

ಹೋಗುವ ದಾರಿಯೂ ಒಂದಿದೆ. ಚಂದ್ರದ್ರೋಣ ಪರ್ವತದ ತಪ್ಪಲಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ಹೊಳೆಗಳು ಅಯ್ಯನಕೆರೆ, ಮದಗದ ಕೆರೆಗಳನ್ನು ತುಂಬಿಸಿ ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಹಿರಿಯೂರಿನ ವಾಣಿವಿಲಾಸ ಸಾಗರವನ್ನು ದಾಟಿ, ಚಳ್ಳಕೆರೆಯ ಸೀಮೆಯಲ್ಲಿ ಹಗರಿ ಎಂಬ ಹೆಸರಿನಿಂದ ಹರಿದು, ಬಳ್ಳಾರಿ ಜಿಲ್ಲೆಯಲ್ಲಿ ಆ ನದಿ ತುಂಗಭದ್ರೆಯನ್ನು ಸೇರುತ್ತದೆ. ಗುಡ್ಡದ ನೀರು ಬಯಲಿಗೆ ಇಳಿಯುತ್ತಿತ್ತು, ಬಯಲಿನ ಉಣ್ಣೆ ಗುಡ್ಡಕ್ಕೆ ಏರುತ್ತಿತ್ತು. ಆದ್ದರಿಂದ ಪಶ್ಚಿಮಘಟ್ಟದ ಕಾಡನ್ನು ಉಳಿಸುವ ಬಳಗವೊಂದು ಚಳ್ಳಕೆರೆ, ಮೊಳಕಾಲ್ಮೂರುಗಳ ಬಯಲನ್ನು ಕುರಿತು ಯೋಚಿಸುವುದು ಪರರ ಮನೆಯ ಮಾತಾಗುವುದಿಲ್ಲ.

ಈ ಎರಡು ತಾಲ್ಲೂಕುಗಳಲ್ಲಿ ವರ್ಷಕ್ಕೆ ಬೀಳುವ ಮಳೆ ಐದುನೂರು ಮಿಲಿಮೀಟರಿನ ಆಸುಪಾಸು. ಆಗುಂಬೆಯಲ್ಲಿ ಒಂದು ವಾರದ ಬಿರುಮಳೆಗೆ ಅಷ್ಟು ನೀರು ಬೀಳುವುದುಂಟು. ರಾಜ್ಯದ ಅತ್ಯಂತ ಒಣ ಸೀಮೆಗಳಲ್ಲಿ ಒಂದಾದ ಈ ಪ್ರದೇಶವನ್ನು ಬಸ್ಸಿನ ಕಿಟಕಿಯಿಂದ ನೋಡುವ ಪ್ರಯಾಣಿಕರಿಗೆ ಜಾಲಿ, ಬಂಡೆ, ಬೋಳು ನೆಲ ಇಷ್ಟೇ ಕಾಣುತ್ತದೆ. ಸರ್ಕಾರದ ಕಡತಕ್ಕೆ ಅದು ‘ಬಂಜರು’. ಪ್ರವಾಸಿ ಕೈಪಿಡಿಯ ಪಾಲಿಗೆ ಅಲ್ಲಿರುವುದು ಒಂದೆರಡು ಶಾಸನ, ಒಂದೆರಡು ಗುಡಿ ಮತ್ತು ಮೊಳಕಾಲ್ಮೂರಿನ ರೇಷ್ಮೆ ಸೀರೆ. ಈ ಮೂರು ನೋಟಗಳೂ ಒಂದು ಸಂಗತಿಯನ್ನು ಬಿಟ್ಟುಬಿಡುತ್ತವೆ. ಅತಿ ಕಡಿಮೆ ಮಳೆಯಲ್ಲಿ ಮನುಷ್ಯರು, ದನಕರುಗಳು, ಹುಲ್ಲು, ಕೆರೆ ಇವು ಒಟ್ಟಿಗೆ ಬದುಕಲು ಕಟ್ಟಿಕೊಂಡ ಏರ್ಪಾಡೇ ಈ ನೆಲದ ದೊಡ್ಡ ಪರಂಪರೆ. ಶಾಸನ, ಗುಡಿ, ಜಾತ್ರೆ, ಸೀರೆಗಳೆಲ್ಲ ಆ ಏರ್ಪಾಡಿನ ಮೇಲೆ ಅರಳಿದ ಹೂಗಳು. ಬೇರನ್ನು ಕಡಿದು ಹೂವಿಗೆ ಬೇಲಿ ಕಟ್ಟುವ ಕೆಲಸ ಈಗ ನಡೆಯುತ್ತಿರುವುದರಿಂದ ಈ ಮಾತು ಅಗತ್ಯವಾಗಿದೆ.

ಮೂರು ಗುಂಡುಗಳ ಹೆಸರು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ, ಕೆಲವೇ ಮೈಲಿಗಳ ಅಂತರದ ಈ ಮೂರು ಜಾಗಗಳಲ್ಲಿ ಮೌರ್ಯ ಸಾಮ್ರಾಟ ಅಶೋಕನ ಕಿರು ಬಂಡೆ ಶಾಸನಗಳಿವೆ. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಬಿ.ಎಲ್. ರೈಸ್ ಅವರು 1892ರಲ್ಲಿ ಇವುಗಳನ್ನು ಬೆಳಕಿಗೆ ತಂದರು. ದಕ್ಷಿಣದ ಇತಿಹಾಸದ ಪುಟವೊಂದು ಅಂದು ತೆರೆಯಿತು. ಪ್ರಾಕೃತ ಭಾಷೆ, ಬ್ರಾಹ್ಮೀ ಲಿಪಿ, ಕ್ರಿಸ್ತಪೂರ್ವ ಮೂರನೆಯ ಶತಮಾನ. ಸುವರ್ಣಗಿರಿಯಲ್ಲಿದ್ದ ರಾಜಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ ದೊರೆಯ ಸಂದೇಶವನ್ನು ತಿಳಿಸುವುದರೊಂದಿಗೆ ಶಾಸನ ಮೊದಲಾಗುತ್ತದೆ. ತಂದೆತಾಯಿಗಳ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯ, ಗುರುವಿನಲ್ಲಿ ಗೌರವ ಇವು ಅದರ ಉಪದೇಶ. ಬರೆದವನ ಹೆಸರು ಚಪಡ. ತಾನು ಲಿಪಿಕಾರನೆಂಬ ಮಾತನ್ನು ಅವನು ಬಲದಿಂದ ಎಡಕ್ಕೆ ಸಾಗುವ, ವಾಯವ್ಯ ಭಾರತದ ಖರೋಷ್ಠೀ ಲಿಪಿಯಲ್ಲಿ ಕೆತ್ತಿದ್ದಾನೆ. ಅಷ್ಟು ದೂರದ ಲಿಪಿಯನ್ನು ಬಲ್ಲವನೊಬ್ಬನ ಕೈ ಈ ಬಂಡೆಯ ಮೇಲೆ ಆಡಿದೆ.

ಇಷ್ಟನ್ನು ಪಠ್ಯಪುಸ್ತಕಗಳು ಹೇಳುತ್ತವೆ. ರೈಸ್ ಅವರು ಬಂದಾಗ ಊರವರು ಈ ಬಂಡೆಗಳಿಗೆ ಇಟ್ಟಿದ್ದ ಹೆಸರುಗಳು ಅಷ್ಟು ಪ್ರಸಿದ್ಧವಲ್ಲ. ಬ್ರಹ್ಮಗಿರಿಯದು ಅಕ್ಷರಗುಂಡು. ಸಿದ್ದಾಪುರದ್ದು ಎಮ್ಮೆ ತಮ್ಮನ ಗುಂಡು. ಜಟಿಂಗ ರಾಮೇಶ್ವರದ್ದು ಬಳೆಗಾರರ ಗುಂಡು. ಓದಲಾಗದ ಲಿಪಿಯನ್ನು ಅಕ್ಷರವೆಂದೇ ಗುರುತಿಸಿ ಗೌರವಿಸಿದವರು ಹಳ್ಳಿಗರು. ಎರಡನೆಯ ಬಂಡೆಗೆ ಎಮ್ಮೆ ಕಾಯುವವನ ಹೆಸರು. ಮೂರನೆಯದರ ಮೇಲೆ ಬೆಟ್ಟದ ಜಾತ್ರೆಗೆ ಬಂದ ಬಳೆಗಾರರು ಅಂಗಡಿ ಹೂಡುತ್ತಿದ್ದರು. ಅಲ್ಲಿ ಬರಹ ಬಹಳ ಸವೆದಿದೆ. ಸಾಮ್ರಾಟನ ಹೆಸರು ಮರೆತುಹೋಗಿದ್ದ ಶತಮಾನಗಳಲ್ಲಿ ಈ ಕಲ್ಲುಗಳು ನಿರ್ಜನವಾಗಿರಲಿಲ್ಲ. ದನ ಕಾಯುವವರು, ಬಳೆ ಮಾರುವವರು, ರಾಮೇಶ್ವರನ ಬೆಟ್ಟದಲ್ಲಿ ಜಟಾಯುವಿನ ಕಥೆಯನ್ನು ಮಕ್ಕಳಿಗೆ ಹೇಳುವವರು ಅವುಗಳ ಸುತ್ತ ಬದುಕುತ್ತಿದ್ದರು. ಇಂದು ಇವು ಸಂರಕ್ಷಿತ ಸ್ಮಾರಕಗಳು, ಅದು ಸರಿಯೇ. ಆದರೆ ಎಮ್ಮೆಯೂ ತಮ್ಮನೂ ಇಲ್ಲದ ಎಮ್ಮೆ ತಮ್ಮನ ಗುಂಡು ಪರಂಪರೆಯ ಅರ್ಧ ಭಾಗವನ್ನು ಮಾತ್ರ ಹೇಳುತ್ತದೆ.

ಹುರುಳಿ, ಕೊರಲೆ ಮತ್ತು ದನದ ಗೊರಸು

ಬ್ರಹ್ಮಗಿರಿಯ ಬುಡದಲ್ಲಿ ಎಂ.ಎಚ್. ಕೃಷ್ಣ ಅವರೂ, ಅವರ ಅನಂತರ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಉತ್ಖನನ ನಡೆಸಿದರು. ವ್ಹೀಲರ್ ಅವರ ವರದಿಯಲ್ಲಿ ಮೂರು ಪದರಗಳು ಸ್ಪಷ್ಟವಾಗಿವೆ: ನಯಗೊಳಿಸಿದ ಕಲ್ಲುಗೊಡಲಿಯ ಜನ, ಕಬ್ಬಿಣ ಬಲ್ಲ ಬೃಹತ್ ಶಿಲಾ ಸಮಾಧಿಗಳ ಜನ, ಆಮೇಲೆ ಶಾತವಾಹನರ ಕಾಲದ ನೆಲೆ. ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಕಾಲಾನುಕ್ರಮವನ್ನು ಒದಗಿಸಿದ ಮೊದಲ ಉತ್ಖನನಗಳಲ್ಲಿ ಇದು ಒಂದು. ನೂರಾರು ಶಿಲಾ ಸಮಾಧಿಗಳು ಅಲ್ಲಿನ ಬಯಲಿನಲ್ಲಿ ಚದುರಿವೆ.

ಈ ಪದರಗಳನ್ನು ಕೃಷಿಯ ಕಣ್ಣಿನಿಂದಲೂ ಓದಬಹುದು. ಬಳ್ಳಾರಿ, ಚಿತ್ರದುರ್ಗ, ಅನಂತಪುರಗಳ ಈ ಒಣ ಪಟ್ಟಿಯ ನವಶಿಲಾಯುಗದವರು ಮೊದಲಿಗೆ ದನಗಾಹಿಗಳು. ನೆರೆಯ ಬಳ್ಳಾರಿ ಸೀಮೆಯಲ್ಲಿ ಕಾಣುವ ಬೂದಿದಿಬ್ಬಗಳು ಅವರ ದನದೊಡ್ಡಿಗಳ ಸಗಣಿ ಸುಟ್ಟು ಉಳಿದವು. ಸುಟ್ಟ ಕಾಳುಗಳ ಅಧ್ಯಯನದಿಂದ ತಿಳಿದುಬಂದಂತೆ, ಅವರ ಹೊಲದಲ್ಲಿದ್ದುದು ಹುರುಳಿ, ಹೆಸರು, ಕೊರಲೆ ಮತ್ತು ನವಣೆಯ ಕುಲದ ಒಂದು ಸಿರಿಧಾನ್ಯ. ರಾಗಿ ಆಫ್ರಿಕಾದಿಂದ ಆಮೇಲೆ ಬಂತು. ಭತ್ತ ಅದರ ಆಸುಪಾಸಿನಲ್ಲಿ, ನೀರಿದ್ದಲ್ಲಿ ಮಾತ್ರ. ಶೇಂಗಾ ದಕ್ಷಿಣ ಅಮೆರಿಕದ್ದು, ತೀರಾ ಈಚಿನದು. ಚಿತ್ರದುರ್ಗ, ತುಮಕೂರು ಸೀಮೆಯಲ್ಲಿ ಇಂದಿಗೂ ಅಲ್ಲಲ್ಲಿ ಬಿತ್ತುವ ಕೊರಲೆ ಮತ್ತು ಮುಂಗಾರು ತಪ್ಪಿದಾಗ ಕೈ ಹಿಡಿಯುವ ಹುರುಳಿ ಅಶೋಕನ ಶಾಸನಕ್ಕಿಂತ ಸಾವಿರ ವರ್ಷಕ್ಕೂ ಮಿಕ್ಕಿ ಹಳೆಯವು. ಅವುಗಳಿಗೆ ಯಾವ ಸಂರಕ್ಷಿತ ಫಲಕವೂ ಇಲ್ಲ. ಬಿತ್ತುವವರು ಇರುವಷ್ಟು ಕಾಲ ಅವು ಇರುತ್ತವೆ.

ಕಾವಲು ಎಂಬ ಶಾಸ್ತ್ರ

ಹಳೆಯ ಮೈಸೂರಿನ ಅಮೃತಮಹಲ್ ಕಾವಲುಗಳು ಈ ದನಗಾಹಿ ಪರಂಪರೆಯ ರಾಜಾಶ್ರಯದ ರೂಪ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಹೈದರನ ಕಾಲದಲ್ಲಿ ಬೆಳೆದು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆಯಿತು. ಸೇನೆಯ ಸಾಮಗ್ರಿ ಎಳೆಯುವ ವೇಗದ ಎತ್ತುಗಳಿಗೆ ಮೀಸಲಾದ ಹುಲ್ಲುಗಾವಲುಗಳನ್ನು ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಲಾಗಿತ್ತು. ನೀರು, ನೆರಳುಗಳುಳ್ಳದ್ದು ಬೇಸಗೆಗೆ, ಮಳೆಯಲ್ಲಿ ಮಾತ್ರ ಚಿಗುರುವುದು ಮಳೆಗಾಲಕ್ಕೆ. ಒಂದನ್ನು ಮೇಯುವಾಗ ಇನ್ನೊಂದಕ್ಕೆ ಬಿಡುವು. ಬಿಡುವಿನಲ್ಲಿ ಹುಲ್ಲು ತೆನೆಯೊಡೆದು ಬೀಜ ಉದುರಿಸುತ್ತದೆ, ಬೇರು ಆಳಕ್ಕೆ ಇಳಿಯುತ್ತದೆ. ಸರದಿ ಮೇಯಿಸುವಿಕೆ ಎಂದು ಇಂದಿನ ಹುಲ್ಲುಗಾವಲು ವಿಜ್ಞಾನ ಕಲಿಸುವ ಪಾಠ ಇದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಸಂಸ್ಥಾನದಾದ್ಯಂತ ನಾಲ್ಕು ಲಕ್ಷ ಎಕರೆಗೂ ಮಿಕ್ಕಿ ಇಂಥ ಕಾವಲುಗಳಿದ್ದವು.

ಮೇವಿನ ಬೆಲೆಯನ್ನು ಈ ನೆಲದ ಯುದ್ಧಚರಿತ್ರೆಯೂ ಬಲ್ಲದು. 1695ರಲ್ಲಿ ಚಳ್ಳಕೆರೆಯ ಸಮೀಪದ ದೊಡ್ಡೇರಿಯ ಕೋಟೆಯಲ್ಲಿ ಮೊಗಲ್ ಸರದಾರ ಖಾಸಿಂ ಖಾನನನ್ನು ಮರಾಠಾ ದಳಪತಿ ಸಂತಾಜಿ ಘೋರ್ಪಡೆ ಮುತ್ತಿದ. ಔರಂಗಜೇಬನ ಆ ದೊಡ್ಡ ಸೇನೆ ಒಳಗೆ ಸಿಕ್ಕಿಬಿದ್ದು, ಕೆಲವೇ ದಿನಗಳಲ್ಲಿ ಅನ್ನವೂ ಮೇವೂ ತೀರಿ ಶರಣಾಯಿತು. ಖಾಸಿಂ ಖಾನ ಅಲ್ಲೇ ಸತ್ತ. ಕಾವಲಿನ ಹುಲ್ಲಿನಿಂದ ಕಡಿದುಹೋದ ಕೋಟೆಗೆ ಫಿರಂಗಿಗಳಿದ್ದೂ ಉಳಿವಿರಲಿಲ್ಲ.

ದೇವರ ಹೆಸರಿನಲ್ಲಿ ಉಳಿದದ್ದು

ಅರಸರ ಏರ್ಪಾಡಿನ ಹೊರಗೆ ಜನರದೇ ಆದ ಏರ್ಪಾಡು ಇನ್ನೂ ಗಟ್ಟಿಯಾದುದು. ಚಳ್ಳಕೆರೆ, ಮೊಳಕಾಲ್ಮೂರುಗಳ ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರ ಎತ್ತುಗಳ ಮಂದೆಗಳಿವೆ. ಈ ಎತ್ತುಗಳನ್ನು ನೊಗಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ. ಅವುಗಳನ್ನು ಕಾಯುವ ಕಿಲಾರಿಗೆ ಸಮುದಾಯದಲ್ಲಿ ವಿಶೇಷ ಸ್ಥಾನ. ಸತ್ತ ಎತ್ತನ್ನು ಮನುಷ್ಯರಂತೆ ವಿಧಿಪೂರ್ವಕವಾಗಿ ಮಣ್ಣು ಮಾಡುತ್ತಾರೆ. ಗಾದ್ರಿ ಪಾಲನಾಯಕನಂಥ ಪಶುಪಾಲಕ ವೀರರೇ ಇಲ್ಲಿ ಆರಾಧ್ಯರು. ಪಕ್ಕದ ಕಾಡುಗೊಲ್ಲರ ಹಟ್ಟಿಗಳಿಗೆ ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ. ಚಳ್ಳಕೆರೆ ತಾಲ್ಲೂಕಿನಲ್ಲಿ ನಡೆಯುವ ಕ್ಯಾತೇದೇವರ ಜಾತ್ರೆಯಲ್ಲಿ ಬಾರೆಮುಳ್ಳಿನ ಗುಡಿ ಕಟ್ಟಿ, ಬರಿಗಾಲಿನಲ್ಲಿ ಅದನ್ನೇರಿ ಕಳಶ ಕೀಳುತ್ತಾರೆ. ಪತ್ರಿಕೆಗಳ ಛಾಯಾಗ್ರಾಹಕರಿಗೆ ಅದೊಂದು ರೋಚಕ ಚಿತ್ರ. ಮುಳ್ಳುಬೇಲಿಯ ದೊಡ್ಡಿಯಲ್ಲಿ ಕುರಿಮರಿಗಳನ್ನು ತೋಳನಿಂದ ಕಾಯ್ದವರಿಗೆ ಮುಳ್ಳೇ ಗುಡಿಯಾದದ್ದು ಸಹಜ ಎಂಬುದು ಚಿತ್ರದಲ್ಲಿ ಮೂಡುವುದಿಲ್ಲ.

ಭಾದ್ರಪದದಲ್ಲಿ ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಆಂಧ್ರದ ಗಡಿಯಾಚೆಯಿಂದಲೂ ಜನಸಾಗರ ಹರಿದುಬರುತ್ತದೆ. ದೇವಿ ಊರೊಳಗಿನ ಗುಡಿಯಿಂದ ಹೊರಟು ತುಮಲು ಎಂಬ ಬಯಲಿಗೆ ಬರುತ್ತಾಳೆ. ಫಾಲ್ಗುಣದಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರು. ಅಂದು ಭಕ್ತರು ಒಣಕೊಬ್ಬರಿ ಸುಟ್ಟು ಹರಕೆ ತೀರಿಸುತ್ತಾರೆ. ‘ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಆ ಸಂತರ ನುಡಿಯನ್ನು ಇಡೀ ಸೀಮೆ ಬಲ್ಲದು. ಅವರು ಕೆರೆಗಳನ್ನು ಕಟ್ಟಿಸುವಾಗ ಮಣ್ಣು ಹೊತ್ತವರಿಗೆ ದುಡಿಮೆಗೆ ತಕ್ಕ ಕೂಲಿ ದೊರೆಯುತ್ತಿತ್ತು ಎಂಬ ಐತಿಹ್ಯ ಆ ನುಡಿಯ ಬೆನ್ನಿಗಿದೆ. ಬರದ ಸೀಮೆಯ ಸಂತನೊಬ್ಬ ಪವಾಡದ ಜೊತೆಗೆ ಕೆರೆಯಿಂದಲೂ, ನ್ಯಾಯವಾದ ಕೂಲಿಯಿಂದಲೂ ನೆನಪಾಗಿ ಉಳಿದದ್ದು ಗಮನಿಸಬೇಕಾದ ಸಂಗತಿ. ತೇರು ನೋಡಲು ಬಂದವರಲ್ಲಿ ಎಷ್ಟು ಮಂದಿ ಕೆರೆಯ ಏರಿಯ ಮೇಲೆ ನಡೆದು ಹೂಳಿನ ಆಳವನ್ನು ನೋಡುತ್ತಾರೆ?

ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನೂ ಇದೇ ಸಾಲಿನಲ್ಲಿ ಇಡಬೇಕು. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಸೀರೆಯನ್ನು ಗುಂಡಿಮಗ್ಗದಲ್ಲಿ ನೇಯುತ್ತಾರೆ. ಒಡಲಿಗೂ ಅಂಚಿಗೂ ಬೇರೆ ಬೇರೆ ಲಾಳಿ ಓಡಿಸಿ ಬಣ್ಣವನ್ನು ಬೆಸೆಯುವ ಅಂಥ ನೇಯ್ಗೆಗೆ ಸಹಾಯಕ್ಕೆ ಇನ್ನೊಂದು ಕೈ ಬೇಕು. ಮಳೆ ನಂಬಿ ಬದುಕಲಾಗದ ಊರುಗಳಲ್ಲಿ ಮನೆಯೊಳಗಿನ ಮಗ್ಗವೂ ಬರ ನೀಗುವ ಬೆಳೆಯೇ. ವಿದ್ಯುತ್ ಮಗ್ಗದ ಅಗ್ಗದ ಅನುಕರಣೆಯ ಮುಂದೆ ಅದು ಸೋತರೆ, ನಷ್ಟ ಕೇವಲ ಕಲೆಯದಾಗಿರುವುದಿಲ್ಲ.

ಬೇರು ಸಡಿಲವಾದ ಬಗೆ

ಈ ಏರ್ಪಾಡು ಒಮ್ಮೆಗೇ ಕುಸಿಯಲಿಲ್ಲ. ಮೊದಲು ಹೊಲ ಬದಲಾಯಿತು. ತಿಂಡಿವನದಲ್ಲಿ 1940ರಲ್ಲಿ ಬಿಡುಗಡೆಯಾದ ಟಿಎಂವಿ-2 ಎಂಬ ಶೇಂಗಾ ತಳಿ ಕೆಂಪು ಮರಳು ಮಣ್ಣಿಗೆ ಹೊಂದಿಕೊಂಡು ದಶಕಗಳ ಕಾಲ ಈ ಸೀಮೆಯನ್ನು ಆಳಿತು. ಗಾಣ, ಮಿಲ್ಲುಗಳು ತಲೆಯೆತ್ತಿ ಚಳ್ಳಕೆರೆ ‘ಎಣ್ಣೆ ನಗರ’ವಾಯಿತು. ರೈತರ ಕೈಗೆ ಮೊದಲ ಬಾರಿಗೆ ನಗದು ಬಂತು, ಅದನ್ನು ಹಳಿಯಲಾಗದು. ಆದರೆ ಅಕ್ಕಡಿ ಸಾಲುಗಳು ಮರೆಯಾಗಿ ಹೊಲವೆಲ್ಲ ಒಂದೇ ಬೆಳೆಯಾದಾಗ, ಊಡು ಇಳಿಯುವ ಹೊತ್ತಿನಲ್ಲಿ ಮಳೆ ಕೈಕೊಟ್ಟರೆ ಕಾಳೂ ಇಲ್ಲ, ಬದಲಿ ಬೆಳೆಯೂ ಇಲ್ಲ ಎಂಬಂತಾಯಿತು. 1990ರ ದಶಕದ ಮಧ್ಯದಲ್ಲಿ ಖಾದ್ಯತೈಲದ ಆಮದು ಮುಕ್ತವಾಗಿ ಇಂಡೊನೇಷ್ಯಾ, ಮಲೇಷ್ಯಾಗಳ ತಾಳೆ ಎಣ್ಣೆ ಮಾರುಕಟ್ಟೆ ತುಂಬಿದ ಮೇಲೆ ಎಣ್ಣೆ ನಗರದ ಮಿಲ್ಲುಗಳೂ ಸೊರಗಿದವು.

ಆಮೇಲೆ ಕಾವಲು ಬದಲಾಯಿತು. ದೇಶದ ಬಂಜರು ಭೂಮಿಯ ನಕಾಶೆ 2000ದಲ್ಲಿ ಮೊದಲ ಬಾರಿಗೆ ಪ್ರಕಟವಾಯಿತು. ಇಂಥ ಪಟ್ಟಿಗಳಲ್ಲಿ ಹುಲ್ಲುಗಾವಲು ಬಂಜರಿನ ಸಾಲಿಗೆ ಸೇರುವುದು ಹಳೆಯ ರೂಢಿ. 2007ರಿಂದ 2010ರ ನಡುವೆ ಚಳ್ಳಕೆರೆಯ ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳ ಸುಮಾರು ಹತ್ತು ಸಾವಿರ ಎಕರೆ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ ಸಂಸ್ಥೆಗಳಿಗೂ ಭಾರತೀಯ ವಿಜ್ಞಾನ ಸಂಸ್ಥೆಗೂ ಸೌರವಿದ್ಯುತ್ ಕಂಪನಿಯೊಂದಕ್ಕೂ ಹಂಚಿಕೆಯಾಯಿತು. ಗೋಡೆಗಳು ಎದ್ದವು, ದನಕುರಿಗಳ ದಾರಿ ಮುಚ್ಚಿತು. ಹಳ್ಳಿಗರು ಪ್ರತಿಭಟಿಸಿದರು. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠ ಸತ್ಯಶೋಧನೆಗೆ ಸಮಿತಿಯನ್ನು ಕಳುಹಿಸಿತು. 2014ರ ತೀರ್ಪು ಷರತ್ತುಗಳೊಂದಿಗೆ ಯೋಜನೆಗಳಿಗೆ ದಾರಿ ಬಿಟ್ಟಿತು. 2017ರಲ್ಲಿ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಮರುಬಳಕೆಯ ಉಡಾವಣಾ ವಾಹನವೊಂದು ಅಲ್ಲಿನ ಓಡುದಾರಿಯಲ್ಲಿ ತಾನಾಗಿ ಇಳಿಯಿತು. ಉಳ್ಳಾರ್ತಿಯ ನೆಲದಲ್ಲಿ ಚಂದ್ರನ ಕುಳಿಗಳ ಮಾದರಿಗಳನ್ನು ತೋಡಿ ಚಂದ್ರಯಾನದ ಇಳಿದಾಣಕ್ಕೆ ಪರೀಕ್ಷೆ ನಡೆಯಿತು.

ಈ ಸಾಧನೆಗಳು ಹೆಮ್ಮೆಯವು. ಪ್ರಶ್ನೆ ಇರುವುದು ಲೆಕ್ಕ ಬರೆಯುವ ಕ್ರಮದಲ್ಲಿ. ಖಾಲಿ ಎಂದು ಬರೆದುಕೊಂಡ ನೆಲ ಖಾಲಿಯಾಗಿರಲಿಲ್ಲ. ಕೃಷ್ಣಮೃಗ, ತೋಳ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳು, ಕಮರ, ತುಗ್ಗಲಿ, ಬಾರೆ ಗಿಡಗಳು ಅಲ್ಲಿದ್ದವು. ಅವುಗಳ ನಡುವೆ ದೇವರ ಎತ್ತುಗಳೂ ಕಂಬಳಿಯ ಕುರಿಗಳೂ ಇದ್ದವು. ನೆಲದ ಕೆಳಗೆ ಬೇರುಗಳಲ್ಲಿ ಕೂಡಿಟ್ಟ ಇಂಗಾಲವಿತ್ತು. ಹೆಬ್ಬಕ ಹಕ್ಕಿಯ ಕಥೆ ಎಚ್ಚರಿಕೆಯಾಗಬೇಕು. ಒಮ್ಮೆ ಬಯಲುಸೀಮೆಯ ಹಲವೆಡೆ ಇದ್ದ ಅದು ಈಗ ಕರ್ನಾಟಕದಲ್ಲಿ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿದೆ. ಮೇವು ತೀರಿದ ಬರಗಾಲಗಳಲ್ಲಿ ದೇವರ ಎತ್ತುಗಳಿಗಾಗಿ ಊರೂರು ತಿರುಗಿ ಮೇವು ಬೇಡಬೇಕಾದ ಸ್ಥಿತಿಯೂ ಬಂದಿದೆ.

ಭತ್ತದ ದ್ವೀಪವೊಂದರ ಪಾಠ

ಪರಂಪರೆಯನ್ನು ಏರ್ಪಾಡಾಗಿ ಗುರುತಿಸಿದ ಉದಾಹರಣೆ ಹೊರಗೂ ಇದೆ. ಇಂಡೊನೇಷ್ಯಾದ ಬಾಲಿ ದ್ವೀಪದ ಭತ್ತದ ಸೋಪಾನ ಗದ್ದೆಗಳಿಗೆ 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮಾನ್ಯತೆ ನೀಡಿದಾಗ ಗುಡಿಗಳನ್ನು ಮಾತ್ರ ಪಟ್ಟಿ ಮಾಡಲಿಲ್ಲ. ‘ಸುಬಕ್’ ಎಂಬ ರೈತರ ನೀರು ಹಂಚಿಕೆಯ ಸಂಘಗಳು, ಅವುಗಳ ಜಲದೇಗುಲಗಳು, ಕಾಲುವೆ, ಗದ್ದೆ, ಸರೋವರಗಳನ್ನು ಒಂದೇ ಸಾಂಸ್ಕೃತಿಕ ಭೂದೃಶ್ಯವೆಂದು ಪರಿಗಣಿಸಿತು. ಅಲ್ಲಿ ಯಾವ ಗದ್ದೆಗೆ ಯಾವಾಗ ನೀರು ಎಂಬುದನ್ನು ದೇಗುಲಗಳ ಸುತ್ತ ಕೂಡುವ ರೈತರು ನಿರ್ಧರಿಸುತ್ತಾರೆ. ಎಪ್ಪತ್ತರ ದಶಕದಲ್ಲಿ ಹಸಿರು ಕ್ರಾಂತಿಯ ಹುರುಪಿನಲ್ಲಿ ಆ ಸರದಿಯನ್ನು ಬದಿಗೊತ್ತಿ ಬಿಡುವಿಲ್ಲದೆ ನಾಟಿ ಮಾಡಿಸಿದಾಗ ನೀರು ಸಾಲದಾಯಿತು, ಕೀಟಗಳು ಉಕ್ಕಿದವು. ಒಟ್ಟಿಗೆ ನಾಟಿ, ಒಟ್ಟಿಗೆ ಬಿಡುವು ಎಂಬ ಹಳೆಯ ಕ್ರಮದಲ್ಲಿ ಕೀಟ ನಿಯಂತ್ರಣದ ಗುಟ್ಟಿತ್ತೆಂದು ಸ್ಟೀಫನ್ ಲ್ಯಾನ್ಸಿಂಗ್ ಎಂಬ ಮಾನವಶಾಸ್ತ್ರಜ್ಞರ ಅಧ್ಯಯನ ತೋರಿಸಿತು. ಬಾಲಿಯ ಸರದಿ ನೀರಿನದು, ಚಳ್ಳಕೆರೆಯ ಸರದಿ ಹುಲ್ಲಿನದು. ಎರಡರ ತಿರುಳೂ ಬಿಡುವು.

ಅದೇ ಬಾಲಿ ಇನ್ನೊಂದು ಎಚ್ಚರವನ್ನೂ ಕೊಡುತ್ತದೆ. ಗದ್ದೆಯ ಚೆಲುವನ್ನು ನೋಡಲು ಬರುವವರಿಗಾಗಿ ಗದ್ದೆಯಲ್ಲೇ ಹೋಟೆಲು, ವಿಲ್ಲಾಗಳು ಏಳುತ್ತಿವೆ. ನೋಟ ಮಾರಾಟವಾಗಿ ನೋಟದ ಒಡೆಯ ಗದ್ದೆ ಬಿಡುತ್ತಾನೆ. ಮಲೆನಾಡಿನ ಹೋಂಸ್ಟೇಗಳ ನಡುವೆ ಬೀಳುಬಿದ್ದ ಗದ್ದೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೋಗುವವರು ಹೇಗೆ ಹೋಗಬೇಕು?

ಚಳ್ಳಕೆರೆ, ಮೊಳಕಾಲ್ಮೂರುಗಳಿಗೆ ಪ್ರವಾಸಿಗರು ಬರಲಿ. ಬರುವ ಮೊದಲು ಕೆಲವು ಸಂಗತಿಗಳು ಇತ್ಯರ್ಥವಾಗಲಿ. ಒಂದು, ಉಳಿದಿರುವ ಕಾವಲುಗಳನ್ನು ಬಂಜರಿನ ಪಟ್ಟಿಯಿಂದ ತೆಗೆದು ಹುಲ್ಲುಗಾವಲು ಎಂದೇ ದಾಖಲಿಸಬೇಕು. ಹಸುರೀಕರಣದ ಹೆಸರಿನಲ್ಲಿ ಅಲ್ಲಿ ನೀಲಗಿರಿ, ಅಕೇಶಿಯ ನೆಡುವುದೂ ನಾಶವೇ. ಎರಡು, ಬ್ರಹ್ಮಗಿರಿಯ ಶಿಲಾ ಸಮಾಧಿಗಳ ಬಯಲು, ಮೂರು ಶಾಸನಗಳು, ನಡುವಿನ ಗೋಮಾಳ, ಹಳ್ಳ, ಕೆರೆ ಇವನ್ನು ಒಂದೇ ಭೂದೃಶ್ಯವಾಗಿ ಕಾಪಾಡಬೇಕು. ಬಂಡೆಗೆ ಬೇಲಿ ಹಾಕಿ ಪಕ್ಕದ ಗುಡ್ಡವನ್ನು ಕಲ್ಲುಗಣಿಗೆ ಕೊಟ್ಟರೆ ಕಾಪಾಡಿದ್ದು ಏನೂ ಇಲ್ಲ. ಮೂರು, ದೊಡ್ಡ ಸಂಸ್ಥೆಗಳ ಆವರಣದೊಳಗೆ ಕಟ್ಟಡವಿಲ್ಲದ ನೆಲ ಸಾಕಷ್ಟಿದೆ. ಅಲ್ಲಿನ ಹುಲ್ಲನ್ನು ಸುತ್ತಲಿನ ಹಟ್ಟಿಗಳಿಗೆ ಸರದಿಯಂತೆ ಕೊಯ್ದುಕೊಳ್ಳಲು ಬಿಡುವ ಒಪ್ಪಂದ ಅಸಾಧ್ಯವಲ್ಲ. ನಾಲ್ಕು, ಕೊರಲೆ, ಹುರುಳಿ, ನವಣೆಗಳ ಸ್ಥಳೀಯ ಬೀಜವನ್ನು ಬೆಳೆಯುವ ರೈತರಿಗೆ ನಿಶ್ಚಿತ ಬೆಲೆ ಸಿಗಬೇಕು.

ಬಳಗದ ಸದಸ್ಯರು ಮಾಡಬಹುದಾದದ್ದೂ ಇದೆ. ಬರುವ ಮಾಗಿಯಲ್ಲಿ ಹೊರಡುವವರು ಬಳೆಗಾರರ ಗುಂಡಿನವರೆಗೆ ಬೆಟ್ಟವನ್ನು ನಡೆದೇ ಹತ್ತಲಿ. ಹಟ್ಟಿಯ ಹಿರಿಯರ ಅನುಮತಿಯಿಲ್ಲದೆ ದೇವರ ಎತ್ತುಗಳ ನಡುವೆ ಕ್ಯಾಮೆರಾ ಹಿಡಿದು ನುಗ್ಗದಿರಲಿ. ಸೀರೆ, ಕಂಬಳಿ ಕೊಳ್ಳುವುದಾದರೆ ಮಗ್ಗದ ಮುಂದೆ ಕುಳಿತು, ನೇಯ್ದವರ ಕೈಗೇ ಹಣ ಕೊಟ್ಟು ಕೊಳ್ಳಲಿ. ಕೆರೆಯ ಏರಿಯ ಮೇಲೆ ನಡೆಯಲಿ. 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ 89 ವರ್ಷಗಳ ಅನಂತರ ಕೋಡಿ ಬಿದ್ದಾಗ ಆ ಸೀಮೆಯ ಜನ ಹಬ್ಬದಂತೆ ನೀರು ನೋಡಲು ಬಂದರು. ಆ ನೀರಿನಲ್ಲಿ ಚಂದ್ರದ್ರೋಣದ ಶೋಲಾ ಕಾಡಿನ ಪಾಲೂ ಇತ್ತು. ಗುಡ್ಡದ ಮೇಲಿನ ಕಾಡು ಕಾಯುವವರಿಗೆ ಕೆಳಗಿನ ಹುಲ್ಲು ಕಾಯುವವರು ನೆರೆಯವರು. ನೆರೆಯವರ ಮನೆಗೆ ಹೋಗುವಾಗ ಇರಬೇಕಾದ ನಡತೆಯನ್ನು ಮಲೆನಾಡಿಗೆ ಯಾರೂ ಕಲಿಸಬೇಕಾಗಿಲ್ಲ.